ನೆಂಟರ ನಾಯಿ ನಿಮ್ಮನೆಗೆ ಬಂದಾಗ: ಈಗಾಗಲೇ ಪ್ರಾಣಿಗಳಿರುವ ಮನೆಯವರಿಗೆ

ಅಕ್ಕ ಫೋನ್ ಮಾಡಿ, "ಹತ್ತು ದಿನ ನಾವ್ಯಾರೂ ಮನೇಲಿರಲ್ಲ ಕಣೇ, ಬ್ರೂನೋನ ನಿನ್ನ ಹತ್ರ ಬಿಟ್ಟು ಹೋಗ್ಲಾ?" ಅಂದಾಗ ನಾನು ಹಿಂದೆಮುಂದೆ ನೋಡದೆ ಹೂಂ ಅಂದೆ. ಬ್ರೂನೋ ನನಗೆ ಚೆನ್ನಾಗಿ ಗೊತ್ತು. ಅಕ್ಕನ ಮನೆಗೆ ಹೋದಾಗಲೆಲ್ಲ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿದ್ದ. ಆದರೆ ನಮ್ಮನೆ ನಾಯಿ ಕರಿಯನಿಗೆ ಅವನು ಯಾರೋ ಏನೋ. ನಮ್ಮ ಎರಡು ಬೆಕ್ಕುಗಳಿಗಂತೂ ಕೇಳುವುದೇ ಬೇಡ. ಅಂದು ನಾನು ಬಾಗಿಲು ತೆಗೆದು ಎಲ್ಲರನ್ನೂ ಸುಮ್ನೆ ಒಟ್ಟಿಗೆ ಬಿಟ್ಟೆ. ಅರ್ಧ ಗಂಟೆ ಆಗಿರಲಿಲ್ಲ, ಒಂದು ಬೆಕ್ಕು ಬೀರುವಿನ ಮೇಲೆ ಹತ್ತಿ ಕೂತಿತ್ತು, ಇನ್ನೊಂದು ಎಲ್ಲೂ ಕಾಣಲಿಲ್ಲ, ಕರಿಯನ ಕಿವಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಆಮೇಲೆ ಬ್ರೂನೋ ಐದು ಸಲ ಬಂದು ಹೋಗಿದ್ದಾನೆ. ಒಂದು ಸಲವೂ ಜಗಳ ಆಗಿಲ್ಲ. ಬದಲಾಗಿದ್ದು ಅವನಲ್ಲ, ನಾನು ಅವನನ್ನು ಮನೆಗೆ ಸೇರಿಸುವ ಕ್ರಮ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಂದ ನಾಯಿಗೂ ನಿಮ್ಮ ಪ್ರಾಣಿಗಳಿಗೂ ಸ್ನೇಹ ಮಾಡಿಸುವ ಹೊಣೆ ನಿಮ್ಮದಲ್ಲ. ಅಷ್ಟು ದಿನ ಎಲ್ಲರೂ ಹೊಟ್ಟೆತುಂಬ ಉಂಡು, ಹೆದರಿಕೆಯಿಲ್ಲದೆ ಮಲಗಿದರೆ ಕೆಲಸ ಆದಂತೆ. ಸ್ನೇಹ ತಾನಾಗಿ ಆದರೆ ಒಳ್ಳೆಯದೇ.

ಹೂಂ ಅನ್ನುವ ಮೊದಲು

ನೆಂಟರ ಹತ್ತಿರ ಮುಜುಗರ ಬೇಡ. ನೇರವಾಗಿ ಕೇಳಿ. ನಾಯಿ ಹಿಂದೆ ಯಾವತ್ತಾದರೂ ಯಾರನ್ನಾದರೂ ಕಚ್ಚಿದೆಯಾ? ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದಾ? ಬೆಕ್ಕು ಕಂಡರೆ ಏನು ಮಾಡುತ್ತದೆ? ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದಾ, ಕೂಗುತ್ತಲೇ ಇರುತ್ತದಾ? ಗುಡುಗು, ಪಟಾಕಿ ಸದ್ದಿಗೆ ಹೆದರುತ್ತದಾ?

"ಏನೂ ಮಾಡಲ್ಲ, ತುಂಬಾ ಪಾಪದ ನಾಯಿ" ಅನ್ನುವ ಉತ್ತರ ಸಾಲದು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರ ಮನೆಯಲ್ಲಿ ಬೆಕ್ಕೇ ಇಲ್ಲದಿದ್ದರೆ ಅದು ಬೆಕ್ಕಿಗೆ ಏನು ಮಾಡುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ನಡೆದ ಘಟನೆ ಕೇಳಿ. "ಹೊರಗೆ ಸುತ್ತಾಡುವಾಗ ಬೆಕ್ಕು ಅಡ್ಡ ಬಂದರೆ ಏನು ಮಾಡಿತು?" ಅಂತ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಕೆಲವು ಸಂದರ್ಭದಲ್ಲಿ ಆಗಲ್ಲ ಅನ್ನುವುದೇ ಸರಿ. ನಿಮ್ಮನೆಯಲ್ಲಿ ಲಸಿಕೆ ಪೂರ್ತಿಯಾಗದ ನಾಯಿಮರಿ ಇದ್ದರೆ ಹೊರಗಿನ ನಾಯಿ ಬೇಡ. ಮರಿಗಳ ಪ್ರಾಣಕ್ಕೇ ತರುವ ವಾಂತಿಬೇಧಿ ಅಂಟಿಸುವ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಾಮೂಲಿ ಸೋಪಿಗೆ ಬಗ್ಗುವುದಿಲ್ಲ. ಬರುವ ನಾಯಿ ಹೆಣ್ಣು, ಬೆದೆಗೆ ಬಂದಿದೆ, ನಿಮ್ಮನೆಯಲ್ಲಿ ಆಪರೇಷನ್ ಆಗದ ಗಂಡು ನಾಯಿ ಇದೆ ಅಂದರೆ ಅದೂ ಬೇಡ. ಬೆದೆ ಸುಮಾರು ಮೂರು ವಾರ ಇರುತ್ತದೆ. ಅಷ್ಟು ದಿನ ಎರಡನ್ನೂ ಬೇರೆ ಇಡುವುದು ಅಂದುಕೊಂಡಷ್ಟು ಸುಲಭವಲ್ಲ. ಬೆಕ್ಕನ್ನು ಕೊಂದ ಚರಿತ್ರೆ ಇರುವ ನಾಯಿಯನ್ನು ಬೆಕ್ಕಿರುವ ಮನೆಗೆ ತರಲೇಬೇಡಿ. ಅಂಥಾಗ ನೀವೇ ಅವರ ಮನೆಗೆ ಹೋಗಿ ನೋಡಿಕೊಳ್ಳಬಹುದು. ಇಲ್ಲವಾದರೆ ಒಳ್ಳೆಯ ಬೋರ್ಡಿಂಗ್ ಹುಡುಕಲು ಸಹಾಯ ಮಾಡಿ. ಇಲ್ಲ ಅಂದ ಮಾತ್ರಕ್ಕೆ ಸಂಬಂಧ ಕೆಡುವುದಿಲ್ಲ. ನಿಮ್ಮನೆಯಲ್ಲಿ ಪ್ರಾಣಿಗೆ ಏನಾದರೂ ಆದರೆ ಮಾತ್ರ ಇಬ್ಬರಿಗೂ ಅದು ಮರೆಯುವುದಿಲ್ಲ.

ಮೊಲ, ಹಕ್ಕಿ, ಹ್ಯಾಮ್‌ಸ್ಟರ್ ಸಾಕಿದವರು ಇನ್ನೂ ಹುಷಾರಾಗಿರಬೇಕು. ನಾಯಿ ಮುಟ್ಟದಿದ್ದರೂ, ಗೂಡಿನ ಮುಂದೆ ಕೂತು ದಿಟ್ಟಿಸಿದರೆ ಸಾಕು, ಮೊಲ ಹೆದರಿ ಮೇವು ಬಿಡುತ್ತದೆ. ಮೇವು ಬಿಟ್ಟು ಮೊಲದ ಕರುಳಿನ ಚಲನೆ ನಿಂತರೆ ಅದರ ಜೀವಕ್ಕೇ ಅಪಾಯ. ಇವುಗಳ ವಿಷಯದಲ್ಲಿ ಪರಿಚಯ ಮಾಡಿಸುವ ಪ್ರಶ್ನೆಯೇ ಇಲ್ಲ. ಬೇರೆ ಕೋಣೆ, ಮುಚ್ಚಿದ ಬಾಗಿಲು, ನಾಯಿ ಹೋಗುವ ತನಕ ಅಷ್ಟೇ.

ನಾಯಿಯ ಜೊತೆ ಏನೇನು ಬರಬೇಕು

ಲಸಿಕೆ ಪುಸ್ತಕ ಬರಲಿ. ರೇಬೀಸ್ ಮತ್ತು ಉಳಿದ ಲಸಿಕೆಗಳ ತಾರೀಖನ್ನು ನೀವೇ ನೋಡಿ. ನಿಮ್ಮ ಪ್ರಾಣಿಗಳ ಲಸಿಕೆಯೂ ಬಾಕಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಬರುವ ನಾಯಿ ಇತ್ತೀಚೆಗೆ ಕೆಮ್ಮುತ್ತಿತ್ತಾ, ಬೇಧಿಯಾಗಿತ್ತಾ ಅಂತಲೂ ಕೇಳಿ. ಕೆನಲ್ ಕಾಫ್ ಅನ್ನುವ ಕೆಮ್ಮು ಅಂಟಿದ ಮೇಲೆ ಎರಡರಿಂದ ಹದಿನಾಲ್ಕು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಬಂದ ದಿನ ಚೆನ್ನಾಗಿದ್ದ ಮಾತ್ರಕ್ಕೆ ಚಿಂತೆಯಿಲ್ಲ ಅನ್ನುವ ಹಾಗಿಲ್ಲ.

ಈಗ ಹೇಳುವುದನ್ನು ಬೆಕ್ಕು ಸಾಕಿದವರು ದಯವಿಟ್ಟು ಎರಡು ಸಲ ಓದಿ. ನಾಯಿಗೆ ಉಣ್ಣೆ, ಚಿಗಟ ಹತ್ತದಿರಲಿ ಅಂತ ಕತ್ತಿನ ಹಿಂದೆ ಹಾಕುವ ಹನಿ ಔಷಧಿ ಇರುತ್ತದಲ್ಲ, ಅದರಲ್ಲಿ ಕೆಲವಕ್ಕೆ ಪರ್ಮೆಥ್ರಿನ್ ಅನ್ನುವ ರಾಸಾಯನಿಕ ಹಾಕಿರುತ್ತಾರೆ. ನಾಯಿಗೆ ಅದು ಒಗ್ಗುತ್ತದೆ. ಬೆಕ್ಕಿಗೆ ಅದು ವಿಷ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಔಷಧಿ ಹಾಕಿದ ನಾಯಿಗೆ ಮೈಯುಜ್ಜಿದರೂ, ಅದರ ಕೂದಲು ನೆಕ್ಕಿದರೂ ಬೆಕ್ಕಿಗೆ ನಡುಕ, ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ಯಾವ ಔಷಧಿ, ಯಾವತ್ತು ಹಾಕಿದ್ದು ಅಂತ ಕೇಳಿ, ಪೊಟ್ಟಣದ ಫೋಟೋ ತರಿಸಿಕೊಳ್ಳಿ. ಬರುವ ಮುಂಚೆ ಹಾಕಿಸುವುದಾದರೆ ಬೆಕ್ಕಿಗೆ ತೊಂದರೆ ಕೊಡದ ಔಷಧಿಯನ್ನು ಪಶುವೈದ್ಯರ ಹತ್ತಿರ ಬರೆಸಿಕೊಳ್ಳಲು ಹೇಳಿ. ಬಾಯಿಗೆ ಹಾಕುವ ಮಾತ್ರೆಯೂ ಸಿಗುತ್ತದೆ.

ತಿನ್ನುವ ಆಹಾರ ಅಲ್ಲಿಂದಲೇ ಬರಲಿ, ಇರುವ ದಿನಕ್ಕಿಂತ ಎರಡು ಮೂರು ದಿನಕ್ಕೆ ಜಾಸ್ತಿಯೇ ಬರಲಿ. ಪ್ರಯಾಣ ತಡವಾಗುವುದು ಇದ್ದದ್ದೇ. ಹೊಸ ಜಾಗದ ಗಾಬರಿಗೆ ಹೊಟ್ಟೆ ಮೊದಲೇ ಕೆಟ್ಟಿರುತ್ತದೆ, ಅದರ ಮೇಲೆ ಆಹಾರವನ್ನೂ ಬದಲಿಸಬೇಡಿ. ಬದಲಿಸಲೇಬೇಕು ಅಂದರೆ ಹಳೆಯದಕ್ಕೆ ಹೊಸದನ್ನು ದಿನಕ್ಕಿಷ್ಟು ಅಂತ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಬದಲಿಸಿ.

ಅವರ ಪಶುವೈದ್ಯರ ನಂಬರ್, ಗುರುತಿಗಾಗಿ ಚರ್ಮದ ಕೆಳಗೆ ಹಾಕುವ ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ತುರ್ತಾದರೆ ಚಿಕಿತ್ಸೆ ಕೊಡಿಸಲು ಒಪ್ಪಿಗೆ ಇದೆ, ಇಷ್ಟರವರೆಗೆ ಖರ್ಚು ಮಾಡಬಹುದು ಅಂತ ಒಂದು ಮೆಸೇಜ್ ಮಾಡಿಸಿಕೊಳ್ಳಿ. ಮಧ್ಯರಾತ್ರಿ ಆಸ್ಪತ್ರೆಯಲ್ಲಿ ನಿಂತು ಫೋನ್ ತಾಗದೆ ಒದ್ದಾಡುವುದು ತಪ್ಪುತ್ತದೆ.

ಕೊನೆಗೆ ಇನ್ನೊಂದು, ಮನೆಯವರು ಹಾಕಿ ಬಿಟ್ಟ, ಒಗೆಯದ ಟೀ ಶರ್ಟ್. ಅಕ್ಕನ ಹಳೆಯ ಶರ್ಟನ್ನು ಬ್ರೂನೋನ ಹಾಸಿಗೆ ಮೇಲೆ ಹಾಕಿದಾಗ ಅವನು ಅದನ್ನು ಮೂಗಿನಿಂದ ಮೂರು ಸಲ ತಳ್ಳಿ, ಮಡಿಕೆ ಮಾಡಿ, ಗದ್ದ ಅದರ ಮೇಲಿಟ್ಟು ಒಂದು ದೊಡ್ಡ ಉಸಿರು ಬಿಟ್ಟ. ಮೊದಲ ಸಲ ಬಂದಾಗ ರಾತ್ರಿಯೆಲ್ಲ ಬಾಗಿಲ ಹತ್ತಿರ ನಿಂತೇ ಇದ್ದವನು ಅಂದು ಹತ್ತು ಗಂಟೆಗೆಲ್ಲ ಮಲಗಿದ.

ಮನೆಯನ್ನು ಎರಡು ಭಾಗ ಮಾಡಿ

ನಾಯಿ ಬರುವ ಹಿಂದಿನ ದಿನವೇ ಇದು ಮುಗಿದಿರಬೇಕು. ಬರುವ ನಾಯಿಗೆ ಬಾಗಿಲು ಹಾಕಬಹುದಾದ ಒಂದು ಕೋಣೆ ಬೇಕು. ನಿಮ್ಮ ಪ್ರಾಣಿಗಳು ಇಷ್ಟಪಟ್ಟು ಮಲಗುವ ಕೋಣೆಯನ್ನು ಮಾತ್ರ ಕೊಡಬೇಡಿ. ಜಾಗ ಕಳೆದುಕೊಂಡ ಸಿಟ್ಟನ್ನು ಅವು ಬಂದವನ ಮೇಲೆಯೇ ತೀರಿಸಿಕೊಳ್ಳುತ್ತವೆ. ಚಿಕ್ಕ ಮಕ್ಕಳಿಗೆ ಹಾಕುವ ಅಡ್ಡಗೇಟು ಸಿಕ್ಕರೆ ಇನ್ನೂ ಒಳ್ಳೆಯದು, ಮುಂದೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಬೆಕ್ಕಿಗೆ ಎತ್ತರದ ಜಾಗ ಬೇಕು. ಕಪಾಟಿನ ಮೇಲೆ ಜಾಗ ತೆರವು ಮಾಡಿ, ಹತ್ತಲು ನಡುವೆ ಒಂದು ಸ್ಟೂಲ್ ಇಡಿ. ಬೆಕ್ಕಿನ ಊಟ, ನೀರು, ಲಿಟರ್ ಬಾಕ್ಸ್ (ಬೆಕ್ಕು ಹೇಲು ಉಚ್ಚೆಗೆ ಹೋಗುವ ಡಬ್ಬಿ) ಮೂರೂ ನಾಯಿ ಹೋಗಲಾಗದ ಕಡೆ ಇರಲಿ. ಎಷ್ಟೋ ನಾಯಿಗಳು ಬೆಕ್ಕಿನ ಹೇಲು ತಿನ್ನುತ್ತವೆ, ಅದೊಂದು ಕಾರಣ. ಅದಕ್ಕಿಂತ ಮುಖ್ಯ ಕಾರಣ, ಲಿಟರ್ ಬಾಕ್ಸಿಗೆ ಹೋಗುವ ದಾರಿಯಲ್ಲಿ ನಾಯಿ ಕೂತಿದ್ದರೆ ಬೆಕ್ಕು ಹೋಗದೆ ತಡೆದುಕೊಳ್ಳುತ್ತದೆ.

ನೆಲದ ಮೇಲಿರುವ ಆಟಿಕೆ, ಅಗಿಯುವ ಎಲುಬು, ಬಟ್ಟಲು ಎಲ್ಲವನ್ನೂ ಎತ್ತಿಡಿ. ಕರಿಯನ ಕಿವಿ ಹರಿದದ್ದು ಸೋಫಾ ಕೆಳಗೆ ಮರೆತುಹೋಗಿದ್ದ ಒಂದು ತುಂಡು ಎಲುಬಿಗಾಗಿ. ವಾರದಿಂದ ಅವನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಬ್ರೂನೋ ಅದಕ್ಕೆ ಬಾಯಿ ಹಾಕಿದ್ದೇ ತಡ, ಅದು ಕರಿಯನಿಗೆ ಲೋಕದಲ್ಲೇ ಬೇಕಾದ ವಸ್ತುವಾಯಿತು.

ನಾಯಿ ನಾಯಿ ಮುಖಾಮುಖಿ

ಮೊದಲ ಭೇಟಿ ಮನೆಯೊಳಗೆ ಬೇಡ. ಮನೆ ನಿಮ್ಮ ನಾಯಿಯದ್ದು. ಹೊಸಬ ಒಳಗೆ ಬಂದರೆ ಅದು ಕಾವಲಿಗೆ ನಿಲ್ಲುತ್ತದೆ. ಇಬ್ಬರಿಗೂ ಸೇರದ ಜಾಗ ಆರಿಸಿಕೊಳ್ಳಿ, ನಿಮ್ಮ ನಾಯಿ ದಿನಾ ಓಡಾಡದ ರಸ್ತೆಯೋ ಮೈದಾನವೋ ಆಗಲಿ. ಇಬ್ಬರು ದೊಡ್ಡವರು ಬೇಕು, ಒಬ್ಬರ ಕೈಯಲ್ಲಿ ಒಂದೇ ನಾಯಿ.

ಮೊದಲು ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ, ಒಂದೇ ದಿಕ್ಕಿಗೆ, ಅಕ್ಕಪಕ್ಕ ನಡೆಯಿರಿ. ಎದುರುಬದುರು ತರಬೇಡಿ. ಮೂಗಿಗೆ ಮೂಗು ತಾಗಿಸಿ ನಿಲ್ಲಿಸುವುದು ನಮಗೆ ಪರಿಚಯ ಅನ್ನಿಸಬಹುದು, ನಾಯಿಗೆ ಅದು ಸವಾಲು. ಬೆಲ್ಟ್ ಸಡಿಲವಾಗಿರಲಿ. ನಾವು ಹೆದರಿ ಬಿಗಿಯಾಗಿ ಎಳೆದರೆ ಆ ಬಿಗಿ ನಾಯಿಯ ಕತ್ತಿಗೆ ಗೊತ್ತಾಗುತ್ತದೆ, ಅದೂ ಬಿಗಿಯಾಗುತ್ತದೆ. ಇಬ್ಬರೂ ನೆಲ ಮೂಸುತ್ತಾ, ಆಗೀಗ ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸುತ್ತಿದ್ದರೆ ಸ್ವಲ್ಪ ಹತ್ತಿರ ಬನ್ನಿ. ಹತ್ತಿರ ಬಂದ ಮೇಲೆ ಮೂರು ಸೆಕೆಂಡು ಮೂಸಲು ಬಿಡಿ, ಖುಷಿಯಿಂದ ಕರೆದು ಮುಂದೆ ನಡೆಸಿ. ಹೀಗೆ ನಾಲ್ಕೈದು ಸಲ ಮಾಡಿ. ಅರ್ಧ ಗಂಟೆ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು.

ಮನೆಗೆ ವಾಪಸ್ ಬಂದಾಗ ಇಬ್ಬರೂ ಒಟ್ಟಿಗೇ ಗೇಟಿನ ಒಳಗೆ ನಡೆದು ಬರಲಿ. ಮನೆಯೊಳಗೆ ಮೊದಲೆರಡು ದಿನ ಬೆಲ್ಟ್ ಹಾಕಿಯೇ ಇರಲಿ, ನೆಲದಲ್ಲಿ ಎಳೆದಾಡಿಕೊಂಡು ಓಡಾಡಲಿ. ಬೇಕಾದಾಗ ಕತ್ತಿಗೆ ಕೈ ಹಾಕದೆ ಬೆಲ್ಟ್ ಹಿಡಿದು ಕರೆದೊಯ್ಯಬಹುದು. ನೀವು ಎದುರಿಗಿರುವಾಗ ಮಾತ್ರ ಹೀಗೆ ಬಿಡಬೇಕು, ಎಲ್ಲಾದರೂ ಸಿಕ್ಕಿಹಾಕಿಕೊಂಡೀತು.

ನಾಯಿಯ ಮೈಯನ್ನು ಓದಲು ಸ್ವಲ್ಪ ಕಲಿಯಿರಿ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿದರೆ ಆಟಕ್ಕೆ ಕರೆಯುತ್ತಿದೆ ಅಂತ ಅರ್ಥ. ನಿದ್ದೆಯಿಲ್ಲದೆ ಆಕಳಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ ಅಳುಕಿನ ಗುರುತು. ಇದ್ದಕ್ಕಿದ್ದಂತೆ ಮೈ ಮರಗಟ್ಟಿ, ಬಾಯಿ ಮುಚ್ಚಿ, ಉಸಿರು ಹಿಡಿದಂತೆ ನಿಂತರೆ ತಡಮಾಡಬೇಡಿ, ಇಬ್ಬರನ್ನೂ ಬೇರೆ ಮಾಡಿ. ಇನ್ನು ಗುರ್ ಅಂದ ನಾಯಿಗೆ ಬೈಯಬೇಡಿ, ಹೊಡೆಯಬೇಡಿ. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಅದಕ್ಕೆ ಶಿಕ್ಷೆ ಕೊಟ್ಟರೆ ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚಲು ಕಲಿಯುತ್ತದೆ.

ಬೆಕ್ಕಿಗೆ ಟೈಮ್ ಕೊಡಿ

ನಾಯಿಗಳದ್ದು ಒಂದು ದಿನದಲ್ಲಿ ಮುಗಿಯಬಹುದು. ಬೆಕ್ಕಿಗೆ ಅಷ್ಟು ಸಾಲುವುದಿಲ್ಲ. ಮೊದಲ ಎರಡು ದಿನ ಬೆಕ್ಕು ಮತ್ತು ಬಂದ ನಾಯಿ ಒಬ್ಬರನ್ನೊಬ್ಬರು ನೋಡುವುದೇ ಬೇಡ. ಬರೀ ವಾಸನೆ ಸಾಕು. ಒಂದು ಬಟ್ಟೆಯಿಂದ ನಾಯಿಯ ಕೆನ್ನೆ, ಕತ್ತು ಒರೆಸಿ ಬೆಕ್ಕಿನ ಕೋಣೆಯ ಮೂಲೆಯಲ್ಲಿಡಿ. ಬೆಕ್ಕಿನದನ್ನು ನಾಯಿಗೆ ಕೊಡಿ. ಬಟ್ಟೆ ಕಂಡು ಬೆಕ್ಕು ಬುಸ್ ಅಂದರೆ ಅಲ್ಲೇ ಬಿಡಿ, ಮೂಗಿನ ಹತ್ತಿರ ಹಿಡಿಯಬೇಡಿ.

ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಇಬ್ಬರಿಗೂ ಊಟ. ನಮ್ಮ ಸಣ್ಣ ಬೆಕ್ಕು ಮಿಂಚು ಮೊದಲ ಹೊತ್ತು ಬಟ್ಟಲಿನ ಹತ್ತಿರವೂ ಬರಲಿಲ್ಲ. ಬಟ್ಟಲನ್ನು ಬಾಗಿಲಿಂದ ಆರು ಅಡಿ ಹಿಂದಕ್ಕೆ ಸರಿಸಿದೆ, ಬಂದು ತಿಂದಳು. ಹೊತ್ತಿಗೆ ಒಂದು ಗೇಣಿನಂತೆ ಮುಂದೆ ಸರಿಸುತ್ತಾ ಬಂದೆ. ನಾಲ್ಕನೇ ದಿನ ಸಂಜೆ ಬಾಗಿಲ ಕೆಳಗಿನ ಸಂದಿಯಲ್ಲಿ ಬ್ರೂನೋನ ಮೂಗು ಉಸಿರಾಡುತ್ತಿತ್ತು, ಈ ಕಡೆ ಅವಳು ಕೂತು ಆ ಮೂಗಿನ ತುದಿಯನ್ನೇ ನೋಡುತ್ತಿದ್ದಳು. ಬಾಲ ಅಲ್ಲಾಡುತ್ತಿರಲಿಲ್ಲ, ಕಿವಿ ಹಿಂದಕ್ಕೆ ಮಡಚಿರಲಿಲ್ಲ. ಒಂದು ಕೈ ಚಾಚಿ ಮೂಗನ್ನು ಮೆಲ್ಲಗೆ ಮುಟ್ಟಿದಳು, ಉಗುರು ಒಳಗೇ ಇತ್ತು. ಇನ್ನು ನೋಡಿಸಬಹುದು ಅಂತ ನನಗೆ ಅನ್ನಿಸಿದ್ದು ಆವಾಗ.

ನೋಡಿಸುವಾಗ ಅಡ್ಡಗೇಟು ಹಾಕಿ, ನಾಯಿಗೆ ಬೆಲ್ಟ್ ಹಾಕಿ, ಮೊದಲೇ ಚೆನ್ನಾಗಿ ನಡೆಸಿ ಸುಸ್ತು ಮಾಡಿ. ಬೆಕ್ಕನ್ನು ಎತ್ತಿಕೊಂಡು ತರಬೇಡಿ, ಹೆದರಿದರೆ ನಿಮ್ಮ ಮುಖವನ್ನೇ ಪರಚುತ್ತದೆ. ಅದು ಬೇಕಾದರೆ ಬರಲಿ. ನಾಯಿ ಬೆಕ್ಕನ್ನು ನೋಡಿ ನಿಮ್ಮ ಕಡೆ ತಿರುಗಿದ ಕೂಡಲೇ ಒಂದು ಚೂರು ತಿಂಡಿ ಕೊಡಿ. ಎರಡು ನಿಮಿಷ ಸಾಕು, ಮುಗಿಸಿ. ನಾಯಿ ತಿಂಡಿಯನ್ನೂ ಲೆಕ್ಕಿಸದೆ, ಕರೆದರೂ ತಿರುಗದೆ ಬೆಕ್ಕಿನ ಮೇಲೇ ಕಣ್ಣು ನೆಟ್ಟು ನಡುಗುತ್ತಾ ನಿಂತರೆ ಅದಕ್ಕೆ ಬೆಕ್ಕು ಬೇಟೆಯಾಗಿ ಕಾಣುತ್ತಿದೆ. ಅಂಥ ನಾಯಿಗೆ ಹತ್ತು ದಿನದಲ್ಲಿ ಬುದ್ಧಿ ಕಲಿಸಲು ಹೋಗಬೇಡಿ. ಹೋಗುವ ತನಕ ಬೇರೆ ಬೇರೆಯೇ ಇಡಿ. ಅದು ನಿಮ್ಮ ಸೋಲಲ್ಲ.

ಊಟ ಮತ್ತು ದಿನಚರಿ

ಒಬ್ಬೊಬ್ಬರಿಗೂ ಬೇರೆ ಕೋಣೆಯಲ್ಲಿ ಊಟ, ಬಾಗಿಲು ಮುಚ್ಚಿ. ಹದಿನೈದು ನಿಮಿಷ ಆದ ಮೇಲೆ ಬಟ್ಟಲು ಎತ್ತಿ, ಆಮೇಲೆ ಬಾಗಿಲು ತೆಗೆಯಿರಿ. ನೀರಿನ ಬಟ್ಟಲು ಎರಡು ಮೂರು ಕಡೆ ಇರಲಿ. ಬೆಕ್ಕಿನ ಆಹಾರದಲ್ಲಿ ಕೊಬ್ಬು, ಪ್ರೋಟೀನ್ ಜಾಸ್ತಿ, ನಾಯಿ ಕದ್ದು ತಿಂದರೆ ವಾಂತಿ, ಬೇಧಿ ಆಗಬಹುದು. ನಾಯಿ ಆಹಾರವನ್ನೇ ಬೆಕ್ಕಿಗೆ ದಿನಗಟ್ಟಲೆ ಹಾಕುವುದೂ ತಪ್ಪು, ಬೆಕ್ಕಿಗೆ ಬೇಕಾದ ಟಾರೀನ್ ಅನ್ನುವ ಪೋಷಕಾಂಶ ಅದರಲ್ಲಿ ಸಾಲುವುದಿಲ್ಲ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಝೈಲಿಟಾಲ್ ಅನ್ನುವ, ಸಕ್ಕರೆ ಬದಲಿಗೆ ಬಳಸುವ ಸಿಹಿ ಹಾಕಿದ ಚ್ಯೂಯಿಂಗ್ ಗಮ್ ಯಾವುದೂ ನಾಯಿಗೆ ಸಿಗಬಾರದು. ಮನುಷ್ಯರ ನೋವಿನ ಮಾತ್ರೆ ಯಾವ ಪ್ರಾಣಿಗೂ ಬೇಡ. ಬೆಕ್ಕಿಗೆ ಒಂದು ಪ್ಯಾರಸಿಟಮಾಲ್ ಸಾಕು ಪ್ರಾಣ ತೆಗೆಯಲು.

ಬಂದ ನಾಯಿ ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ, ನೀರು ಕುಡಿಯುತ್ತಿದೆಯಾ ನೋಡಿ. ಅದರ ಮನೆಯ ಹೊತ್ತಿಗೇ ಊಟ, ಅದೇ ಹೊತ್ತಿಗೆ ವಾಕಿಂಗ್. ನಿಮ್ಮ ಪ್ರಾಣಿಗಳ ಹೊತ್ತನ್ನೂ ಬದಲಿಸಬೇಡಿ. ದಿನಕ್ಕೆ ಕಾಲು ಗಂಟೆ ನಿಮ್ಮ ಒಂದೊಂದು ಪ್ರಾಣಿಯ ಜೊತೆ ಒಂಟಿಯಾಗಿ ಕೂರಿ. ಬಂದವನನ್ನು ಮುದ್ದು ಮಾಡುತ್ತಾ ಮನೆಯವರನ್ನು ಮರೆಯುವುದು ನನಗೂ ಆಗಿದೆ. ಕರಿಯ ಮೂರು ದಿನ ಬಾಗಿಲ ಹಿಂದೆ ಮಲಗಿದ್ದ.

ನೀವು ಹೊರಗೆ ಹೋಗುವಾಗ, ಸ್ನಾನಕ್ಕೆ ಹೋದರೂ ಸರಿ, ಎಲ್ಲರೂ ಬೇರೆ ಬೇರೆ ಕೋಣೆಯಲ್ಲಿ. ಐದು ದಿನದಿಂದ ಚೆನ್ನಾಗಿದ್ದಾರಲ್ಲ ಅಂತ ಸಡಿಲ ಬಿಡಬೇಡಿ.

ತಪ್ಪಿಸಿಕೊಳ್ಳುವ ಅಪಾಯ ಮೊದಲ ಮೂರ್ನಾಲ್ಕು ದಿನ ತುಂಬಾ ಇರುತ್ತದೆ. ಅದಕ್ಕೆ ತನ್ನ ಮನೆಗೆ ಹೋಗಬೇಕು. ಕತ್ತಿನ ಪಟ್ಟಿಗೆ ನಿಮ್ಮ ಫೋನ್ ನಂಬರ್ ಕಟ್ಟಿ, ಯಾಕೆಂದರೆ ಊರಲ್ಲಿರುವುದು ನೀವು. ಕಾಂಪೌಂಡ್ ಇದ್ದರೂ ಬೆಲ್ಟ್ ಬಿಚ್ಚಿ ಬಿಡಬೇಡಿ. ಪಟ್ಟಿಯಿಂದ ತಲೆ ಜಾರಿಸಿಕೊಳ್ಳುವ ನಾಯಿಯಾದರೆ ಎದೆಗೆ ಹಾಕುವ ಹಾರ್ನೆಸ್ ಹಾಕಿ.

ಜಗಳವೇ ಆಗಿಬಿಟ್ಟರೆ

ನಡುವೆ ಕೈ ಹಾಕಬೇಡಿ, ಕತ್ತಿನ ಪಟ್ಟಿಗೂ ಕೈ ಹಾಕಬೇಡಿ. ಆ ಹೊತ್ತಲ್ಲಿ ನಾಯಿಗೆ ಯಾರ ಕೈ ಅಂತ ತಿಳಿಯುವುದಿಲ್ಲ. ಸ್ಟೀಲ್ ತಟ್ಟೆ ನೆಲಕ್ಕೆ ಬಡಿಯಿರಿ, ಬಕೆಟ್ ನೀರು ಎರಚಿ, ದಪ್ಪ ಹೊದಿಕೆ ಮೇಲೆ ಎಸೆಯಿರಿ, ಕುರ್ಚಿಯೋ ಹಲಗೆಯೋ ನಡುವೆ ತೂರಿಸಿ. ಬಿಟ್ಟ ಕೂಡಲೇ ಬೇರೆ ಕೋಣೆಗೆ ಸೇರಿಸಿ, ಆವತ್ತು ಮತ್ತೆ ಸೇರಿಸಬೇಡಿ. ಇಬ್ಬರ ಮೈಯನ್ನೂ ಕೂದಲು ಸರಿಸಿ ನೋಡಿ. ಹಲ್ಲು ನೆಟ್ಟ ಗಾಯ ಹೊರಗೆ ಸಣ್ಣ ಚುಕ್ಕೆಯಂತೆ ಕಾಣುತ್ತದೆ, ಒಳಗೆ ಕೀವು ತುಂಬುತ್ತದೆ. ಪಶುವೈದ್ಯರಿಗೆ ತೋರಿಸಿ. ನಿಮಗೆ ಕಚ್ಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಡಾಕ್ಟರ ಹತ್ತಿರ ಹೋಗಿ, ಮನೆಯದೇ ನಾಯಿಯಾದರೂ ಸರಿ.

ಕಾಯಬಾರದ ಲಕ್ಷಣಗಳು

ನಾಯಿ ವಾಂತಿ ಬರುವಂತೆ ಮತ್ತೆ ಮತ್ತೆ ಓಕರಿಸಿ ಏನೂ ಹೊರಬರದಿದ್ದರೆ, ಹೊಟ್ಟೆ ಉಬ್ಬಿದ್ದರೆ, ಆ ಕ್ಷಣವೇ ಆಸ್ಪತ್ರೆಗೆ. ಹೊಟ್ಟೆ ತಿರುಚಿಕೊಂಡಿರಬಹುದು, ಎದೆ ಆಳವಾದ ದೊಡ್ಡ ನಾಯಿಗಳಲ್ಲಿ ಇದು ಜಾಸ್ತಿ. ರಕ್ತಬೇಧಿ, ಬಿಳಚಿದ ಒಸಡು, ಫಿಟ್ಸ್ ಕಂಡರೂ ತಡ ಬೇಡ. ಮಲಗಿ ನಿದ್ದೆ ಮಾಡುವಾಗ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರಾಡುತ್ತಲೇ ಇದ್ದರೆ ಫೋನ್ ಮಾಡಿ ಕೇಳಿ. ನಾಯಿಯ ಮೈ ಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುವುದು ಸಹಜ, ಮುಟ್ಟಿ ನೋಡಿ ಜ್ವರ ಅಂದುಕೊಳ್ಳಬೇಡಿ.

ಈ ಗಲಾಟೆಯಲ್ಲಿ ನಿಮ್ಮ ಬೆಕ್ಕು ಮರೆತುಹೋಗದಿರಲಿ. ಒಂದು ಪೂರ್ತಿ ದಿನ ಏನೂ ತಿನ್ನದ ಬೆಕ್ಕನ್ನು, ಅದರಲ್ಲೂ ದಪ್ಪಗಿರುವ ಬೆಕ್ಕನ್ನು, ಪಶುವೈದ್ಯರಿಗೆ ತೋರಿಸಿ. ಉಪವಾಸ ಬಿದ್ದರೆ ಅದರ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತದೆ. ಗಂಡು ಬೆಕ್ಕು ಲಿಟರ್ ಬಾಕ್ಸಿನಲ್ಲಿ ಕೂತು ತಿಣುಕಿದರೂ ಉಚ್ಚೆ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಗಾಬರಿಯ ದಿನಗಳಲ್ಲಿ ಅವಕ್ಕೆ ಮೂತ್ರ ಕಟ್ಟುವುದುಂಟು, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ.

ವಾಪಸ್ ಕಳಿಸುವಾಗ

ದಿನಾ ಒಂದು ಫೋಟೋ, ಎರಡು ಸಾಲು ಕಳಿಸಿ. ಏನಾದರೂ ಎಡವಟ್ಟಾದರೆ ಅವರು ಬಂದ ಮೇಲೆ ಹೇಳೋಣ ಅಂತ ಮುಚ್ಚಿಡಬೇಡಿ. ಕಿವಿ ಹರಿದ ದಿನ ನಾನು ಅಕ್ಕನಿಗೆ ಹೇಳಲು ಹಿಂಜರಿದೆ. ಹೇಳಿದ ಮೇಲೆ ಅವಳು, "ಅಯ್ಯೋ, ಎಲುಬು ಇದ್ರೆ ಅವನು ಯಾರನ್ನೂ ಹತ್ರ ಸೇರಿಸಲ್ಲ ಅಂತ ನಾನೇ ಹೇಳ್ಬೇಕಿತ್ತು" ಅಂದಳು.

ಹೋಗುವಾಗ ಎಷ್ಟು ತಿಂದ, ಹೊಟ್ಟೆ ಹೇಗಿತ್ತು, ಯಾರ ಜೊತೆ ಹೇಗಿದ್ದ ಅಂತ ಬರೆದು ಕೊಡಿ, ನೀವೂ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಅವನ ಹಾಸಿಗೆ ಇದ್ದ ಜಾಗ ತೊಳೆಯಿರಿ. ಎರಡು ವಾರ ನಿಮ್ಮ ಪ್ರಾಣಿಗಳಿಗೆ ಕೆಮ್ಮು, ಉಣ್ಣೆ, ಬೇಧಿ ಕಾಣುತ್ತದಾ ಗಮನಿಸಿ. ಬೆಕ್ಕುಗಳು ಎರಡು ಮೂರು ದಿನ ಆ ಕೋಣೆಯ ಮೂಲೆ ಮೂಲೆ ಮೂಸುತ್ತಾ ತಿರುಗುತ್ತವೆ. ಬಾಗಿಲು ತೆರೆದಿಡಿ, ಮೂಸಿಕೊಳ್ಳಲಿ.